ಸರ್ಟಿಫಿಕೇಷನ್ ಪರೀಕ್ಷೆಗೆ ಕೂರುವ ಮುನ್ನ: ಐಡಿಯಿಂದ ಡಂಪ್ಸ್‌ವರೆಗೆ ತಿಳಿದಿರಬೇಕಾದ ನಿಯಮಗಳು

"ಇನಿಷಿಯಲ್ ಬಿಡಿಸಿ ಬರೆಯಬೇಕಾ?" "ಪಿಜಿ ರೂಮಲ್ಲಿ ಕೂತು ಬರೆಯಬಹುದಾ?" "ಮಧ್ಯೆ ಕರೆಂಟ್ ಹೋದರೆ ದುಡ್ಡು ಹೋಯ್ತಾ?" "ಡಂಪ್ಸ್ (ಕದ್ದು ತಂದ ಪ್ರಶ್ನೆಗಳು) ಓದಿದ್ರೆ ಅವರಿಗೆ ನಿಜವಾಗ್ಲೂ ಗೊತ್ತಾಗುತ್ತಾ?" ಐಟಿ ಸರ್ಟಿಫಿಕೇಷನ್ ಬಗ್ಗೆ ಏನೇ ಬರೆದರೂ ಸಿಲಬಸ್ ಬಗ್ಗೆ ಕೇಳುವವರು ಕಡಿಮೆ, ಇವನ್ನು ಕೇಳುವವರೇ ಜಾಸ್ತಿ. ಪ್ರತಿಸಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಶುರು ಮಾಡುವ ಮುಂಚೆ ಒಂದು ಮಾತು. ನಿಯಮ ಮುರಿದರು ಅಂತ ಪರೀಕ್ಷೆ ಕಳೆದುಕೊಳ್ಳುವ ಎಲ್ಲರೂ ಮೋಸ ಮಾಡಲು ಹೊರಟವರಲ್ಲ. ಪ್ರಶ್ನೆಯನ್ನು ಮೆಲ್ಲಗೆ ಬಾಯಲ್ಲಿ ಓದಿಕೊಂಡವರು, ಬೆಲ್ ಆಯಿತೆಂದು ಎದ್ದು ಹೋದವರು, ಯೋಚಿಸುತ್ತಾ ಬಾಯಿಗೆ ಕೈ ಅಡ್ಡ ಇಟ್ಟವರು ಕೂಡ ಅವರಲ್ಲಿ ಇರುತ್ತಾರೆ. ಮನೆಯಿಂದ ಆನ್‌ಲೈನ್‌ನಲ್ಲಿ ಬರೆಯುವ ಪರೀಕ್ಷೆಯನ್ನು ದೂರದಿಂದ ನೋಡುತ್ತಿರುವ ಮೇಲ್ವಿಚಾರಕರಿಗೆ, ಅಂದರೆ ಪ್ರಾಕ್ಟರ್‌ಗೆ, ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುವುದಿಲ್ಲ. ಕ್ಯಾಮೆರಾದಲ್ಲಿ ಕಂಡದ್ದು, ಮೈಕ್‌ನಲ್ಲಿ ಕೇಳಿದ್ದು, ಅಷ್ಟೇ ಅವರ ಲೆಕ್ಕ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ನಿಯಮಗಳು ವಿಚಿತ್ರ ಅನಿಸುವುದಿಲ್ಲ.

1. ಪರೀಕ್ಷೆ ಯಾರದ್ದು, ನಡೆಸುವವರು ಯಾರು?

ಇವರಿಬ್ಬರೂ ಬೇರೆ ಬೇರೆ. ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ವಿಭಾಗ), ಮೈಕ್ರೋಸಾಫ್ಟ್, ಸಿಸ್ಕೊ, ಕಾಂಪ್‌ಟಿಯಾ ಇವೆಲ್ಲ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು. ಇವುಗಳ ಪರೀಕ್ಷೆಯನ್ನು ನಡೆಸುವುದು ಪಿಯರ್ಸನ್ ವ್ಯೂ ಎಂಬ ಕಂಪನಿ. ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ನಡೆಸುವ ಕುಬರ್ನೆಟಿಸ್ ಎಂಬ ಸಾಫ್ಟ್‌ವೇರ್‌ನ ಸಿಕೆಎ ಪರೀಕ್ಷೆ ಲಿನಕ್ಸ್ ಫೌಂಡೇಷನ್‌ನದ್ದು, ನಡೆಸುವುದು ಪಿಎಸ್‌ಐ ಎಂಬ ಇನ್ನೊಂದು ಕಂಪನಿ.

ಇದು ಯಾಕೆ ಮುಖ್ಯ ಅಂದರೆ ನೀವು ಎರಡು ಕಡೆಯ ನಿಯಮ ಪಾಲಿಸಬೇಕು. ರೂಮ್ ಹೇಗಿರಬೇಕು, ಚೆಕ್-ಇನ್ ಹೇಗೆ ಎಂಬುದನ್ನು ಪರೀಕ್ಷೆ ನಡೆಸುವವರು ಹೇಳುತ್ತಾರೆ. ಫೇಲಾದರೆ ಎಷ್ಟು ದಿನ ಕಾಯಬೇಕು, ನಿಯಮ ಮುರಿದರೆ ಏನು ಶಿಕ್ಷೆ ಎಂಬುದನ್ನು ಸರ್ಟಿಫಿಕೇಟ್ ಕೊಡುವವರು ತೀರ್ಮಾನಿಸುತ್ತಾರೆ. ಹಾಗಾಗಿ ಗೆಳೆಯ ಬರೆದ ಸಿಸ್ಕೊ ಪರೀಕ್ಷೆಯ ಅನುಭವ ನಿಮ್ಮ ಮೈಕ್ರೋಸಾಫ್ಟ್ ಪರೀಕ್ಷೆಗೆ ಪೂರ್ತಿ ಹೊಂದುವುದಿಲ್ಲ. ಬುಕ್ ಮಾಡುವಾಗ ಬರುವ ಪುಟದಲ್ಲಿ ನಿಮ್ಮ ಪರೀಕ್ಷೆಯ ನಿಯಮಗಳ ಕೊಂಡಿ ಇರುತ್ತದೆ. ಓದದೆ ಟಿಕ್ ಹಾಕಬೇಡಿ.

2. ಹೆಸರು ಮತ್ತು ಐಡಿ: ನಮ್ಮ ಕಡೆಯವರು ಎಡವುವುದೇ ಇಲ್ಲಿ

ನಿಯಮ ಸರಳವಾಗಿದೆ. ಬುಕ್ ಮಾಡಿದ ಹೆಸರು ಮತ್ತು ಐಡಿಯಲ್ಲಿರುವ ಹೆಸರು ಹೊಂದಬೇಕು. ಐಡಿ ಸರ್ಕಾರ ಕೊಟ್ಟದ್ದಾಗಿರಬೇಕು, ಅವಧಿ ಮುಗಿದಿರಬಾರದು, ಫೋಟೊ ಇರಬೇಕು, ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರಬೇಕು. ಮೂಲ ಕಾರ್ಡೇ ಬೇಕು. ಜೆರಾಕ್ಸ್, ಸ್ಕ್ಯಾನ್ ಮಾಡಿದ ಪ್ರತಿ, ಮೊಬೈಲ್‌ನಲ್ಲಿ ತೋರಿಸುವ ಡಿಜಿಲಾಕರ್ ಇವನ್ನು ನಂಬಿಕೊಂಡು ಹೋಗಬೇಡಿ. ಟ್ರಾಫಿಕ್ ಪೊಲೀಸರಿಗೆ ತೋರಿಸಿದ ಹಾಗೆ ಇಲ್ಲಿ ನಡೆಯುವುದಿಲ್ಲ.

ತೊಡಕು ಬರುವುದು ನಮ್ಮ ಹೆಸರುಗಳಿಂದ. ಈ ಪರೀಕ್ಷೆಗಳ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಇರುತ್ತವೆ. ನಮ್ಮಲ್ಲಿ ಎಷ್ಟೋ ಜನರಿಗೆ ಕೊನೆಯ ಹೆಸರೇ ಇಲ್ಲ, ಇರುವುದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಕೆ. ಆರ್." ಅಂತಿರುತ್ತದೆ. ಪ್ಯಾನ್ ಕಾರ್ಡ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರು, ತಂದೆಯ ಹೆಸರು ಎಲ್ಲ ಸೇರಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಮೂರೂ ಒಬ್ಬರದ್ದೇ, ಆದರೆ ಪ್ರಾಕ್ಟರ್ ಕಣ್ಣಿಗೆ ಮೂರು ಹೆಸರು.

ಹೀಗೆ ಮಾಡಿ:

- ಮೊದಲು ಯಾವ ಐಡಿ ತೋರಿಸುತ್ತೀರಿ ಅಂತ ತೀರ್ಮಾನಿಸಿ. ಪಾಸ್‌ಪೋರ್ಟ್ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ನಿಮ್ಮ ಪರೀಕ್ಷೆಯ ಐಡಿ ಪಟ್ಟಿ ತೆರೆದು ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ವೋಟರ್ ಐಡಿ, ಆಧಾರ್ ಇವುಗಳಲ್ಲಿ ಯಾವುದಕ್ಕೆ ಒಪ್ಪಿಗೆ ಇದೆ ನೋಡಿ. ಈ ಪಟ್ಟಿ ಎಲ್ಲ ಪರೀಕ್ಷೆಗೂ ಒಂದೇ ಅಲ್ಲ. "ನನ್ನ ಸ್ನೇಹಿತನಿಗೆ ನಡೆಯಿತು" ಎನ್ನುವುದನ್ನು ನಂಬಿ ಹೋಗಬೇಡಿ.
- ಆ ಐಡಿಯಲ್ಲಿ ಹೆಸರು ಹೇಗಿದೆಯೋ ಹಾಗೇ ನಿಮ್ಮ ಪ್ರೊಫೈಲ್‌ನಲ್ಲಿ ಬರೆಯಿರಿ. ಇನಿಷಿಯಲ್ ಇದ್ದರೆ ಇನಿಷಿಯಲ್, ಬಿಡಿಸಿದ್ದರೆ ಬಿಡಿಸಿದ್ದು.
- ಐಡಿಯಲ್ಲಿ ಒಂದೇ ಹೆಸರಿದ್ದು ಅರ್ಜಿಯ ಎರಡನೇ ಖಾನೆ ಖಾಲಿ ಬಿಡಲು ಆಗದಿದ್ದರೆ, ಬುಕ್ ಮಾಡುವ ಮುಂಚೆಯೇ ಗ್ರಾಹಕ ಸೇವೆಯವರನ್ನು ಕೇಳಿ. ಸುಮ್ನೆ ಒಂದು ಚುಕ್ಕಿಯನ್ನೋ ಅಪ್ಪನ ಹೆಸರನ್ನೋ ತುಂಬಿ ಮುಂದೆ ಹೋಗಬೇಡಿ. ಅವರು ಹೇಳಿದ ಉತ್ತರದ ಮೇಲ್ ಇಟ್ಟುಕೊಳ್ಳಿ.
- ಮದುವೆಯಾದ ಮೇಲೆ ಹೆಸರು ಬದಲಿಸಿದವರು ಹಳೆಯ ಪ್ರೊಫೈಲ್ ಒಮ್ಮೆ ನೋಡಿಕೊಳ್ಳಿ. ಕಾಲೇಜಿನಲ್ಲಿದ್ದಾಗ ತೆರೆದ ಖಾತೆಯಲ್ಲಿ ಹಳೆಯ ಹೆಸರೇ ಇರುತ್ತದೆ.
- ಹೆಸರು ತಿದ್ದಿಸಲು ದಿನಗಳು ಬೇಕಾಗಬಹುದು. ಪರೀಕ್ಷೆಯ ಹಿಂದಿನ ರಾತ್ರಿ ನೆನಪಾದರೆ ಪ್ರಯೋಜನವಿಲ್ಲ.

ಹೆಸರು ಹೊಂದದೆ ವಾಪಸ್ ಕಳಿಸಿದರೆ ಸಾಮಾನ್ಯವಾಗಿ ಶುಲ್ಕ ಹಿಂದಿರುಗುವುದಿಲ್ಲ. ಎಡಬ್ಲ್ಯೂಎಸ್‌ನ ಅಸೋಸಿಯೇಟ್ ಮಟ್ಟದ ಪರೀಕ್ಷೆಗೆ 150 ಡಾಲರ್, ಪ್ರೊಫೆಷನಲ್ ಮಟ್ಟಕ್ಕೆ 300 ಡಾಲರ್, ಜೊತೆಗೆ ತೆರಿಗೆ. ಒಂದು ಇನಿಷಿಯಲ್‌ಗೆ ಅಷ್ಟು ದಂಡ ಕಟ್ಟುವುದು ಬೇಡ, ಅಲ್ವಾ? ಸರ್ಟಿಫಿಕೇಟ್ ಮೇಲೆ ಬರುವುದೂ ಇದೇ ಪ್ರೊಫೈಲ್ ಹೆಸರು.

3. ಬುಕ್ ಮಾಡುವ ಮುಂಚೆ ಹೆಚ್ಚುವರಿ ಸಮಯ ಕೇಳಿ

ಇದು ನಿಯಮಕ್ಕಿಂತ ನಿಮ್ಮ ಹಕ್ಕು ಅನ್ನಬಹುದು. ತುಂಬಾ ಜನರಿಗೆ ಗೊತ್ತೇ ಇಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಎಡಬ್ಲ್ಯೂಎಸ್ ಪರೀಕ್ಷೆಯನ್ನು ಇಂಗ್ಲಿಷ್‌ನಲ್ಲಿ ಬರೆದರೆ 30 ನಿಮಿಷ ಹೆಚ್ಚು ಸಿಗುತ್ತದೆ. ಅವರ ಖಾತೆಯಲ್ಲಿ ವಿಶೇಷ ಸೌಲಭ್ಯ ಕೋರುವ ಜಾಗದಲ್ಲಿ "ಇಎಸ್‌ಎಲ್ ಪ್ಲಸ್ 30" ಎಂಬ ಆಯ್ಕೆ ಇದೆ. ಒಮ್ಮೆ ಮಂಜೂರಾದರೆ ಮುಂದಿನ ಪರೀಕ್ಷೆಗಳಿಗೂ ಅದು ಇರುತ್ತದೆ. ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಗೆ ಇರುವುದೇ 130 ನಿಮಿಷ, 65 ಪ್ರಶ್ನೆ. ಅರ್ಧ ಪುಟದಷ್ಟು ಉದ್ದದ ಪ್ರಶ್ನೆಗಳನ್ನು ಓದಲು ಆ 30 ನಿಮಿಷ ಎಷ್ಟು ಉಪಯೋಗ ಅಂತ ಬರೆದವರಿಗೆ ಗೊತ್ತು. ಕನ್ನಡದಲ್ಲಿ ಯೋಚಿಸುವವರು ಇದನ್ನು ಕೇಳಲು ಯಾವ ನಾಚಿಕೆಯೂ ಬೇಡ. ಮೈಕ್ರೋಸಾಫ್ಟ್‌ನಲ್ಲೂ ನಿಮ್ಮ ಭಾಷೆಯಲ್ಲಿ ಪರೀಕ್ಷೆ ಇಲ್ಲದಿದ್ದರೆ ಹೆಚ್ಚುವರಿ ಸಮಯ ಕೋರಬಹುದು.

ಬುಕ್ ಮಾಡಿದ ಮೇಲೆ ಕೇಳಿದರೆ ಆ ಪರೀಕ್ಷೆಗೆ ಅನ್ವಯಿಸುವುದಿಲ್ಲ, ಎಚ್ಚರ. ಅಂಗವೈಕಲ್ಯ, ಎದೆಹಾಲುಣಿಸುವ ತಾಯಿ, ಮಧುಮೇಹದಂಥ ಆರೋಗ್ಯ ಕಾರಣ ಇದ್ದವರೂ ಮೊದಲೇ ಅರ್ಜಿ ಹಾಕಬೇಕು. ಕನ್ನಡಕ, ಇನ್ಹೇಲರ್‌ನಂಥ ಸಣ್ಣ ವಸ್ತುಗಳಿಗೆ ಅರ್ಜಿ ಬೇಕಿಲ್ಲ. ಅವನ್ನು ಒಮ್ಮೆ ನೋಡಿ ಬಿಡುತ್ತಾರೆ.

4. ಮನೆಯೋ, ಸೆಂಟರೋ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹತ್ತಿರದಲ್ಲಿ ಪರೀಕ್ಷಾ ಕೇಂದ್ರ ಇದ್ದರೆ ಅಲ್ಲೇ ಹೋಗಿ ಬರೆಯಿರಿ. ಕರೆಂಟ್, ಇಂಟರ್ನೆಟ್, ಪಕ್ಕದ ಮನೆಯ ಮೈಕು, ಇದ್ಯಾವುದರ ಚಿಂತೆಯೂ ನಿಮ್ಮದಲ್ಲ. ಪಿಜಿಯಲ್ಲಿ ಇನ್ನಿಬ್ಬರ ಜೊತೆ ರೂಮ್ ಹಂಚಿಕೊಂಡಿರುವವರಿಗೆ, ಚಿಕ್ಕ ಮಕ್ಕಳಿರುವ ಮನೆಯವರಿಗೆ ಇದೇ ಸರಿ. ಕೇಂದ್ರ ಇರುವ ಊರು ದೂರವಿದ್ದು, ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇದ್ದರೆ ಆನ್‌ಲೈನ್ ಪರವಾಗಿಲ್ಲ.

ದಿನಾಂಕ ಬದಲಿಸುವುದಾದರೆ ಪರೀಕ್ಷೆಗೆ ಕನಿಷ್ಠ 24 ಗಂಟೆ ಮೊದಲೇ ಬದಲಿಸಿ. ಅದರೊಳಗೆ ಬಂದರೆ ಶುಲ್ಕ ಹೋಯಿತು. ಎಡಬ್ಲ್ಯೂಎಸ್‌ನಲ್ಲಿ ಒಂದು ಬುಕಿಂಗ್ ಅನ್ನು ಎರಡು ಸಲ ಮಾತ್ರ ಮುಂದೂಡಬಹುದು.

5. ಮನೆಯಲ್ಲಿ ಬರೆಯುವುದಾದರೆ ತಯಾರಿ

*ಲ್ಯಾಪ್‌ಟಾಪ್.* ಆಫೀಸಿನ ಲ್ಯಾಪ್‌ಟಾಪ್ ಬೇಡವೇ ಬೇಡ. ಅದರಲ್ಲಿರುವ ವಿಪಿಎನ್, ಫೈರ್‌ವಾಲ್, ಭದ್ರತಾ ಸಾಫ್ಟ್‌ವೇರ್‌ಗಳು ಪರೀಕ್ಷೆಯ ಆ್ಯಪ್ ಅನ್ನು ತಡೆಯುತ್ತವೆ. ನಿಮಗೆ ಅವನ್ನು ನಿಲ್ಲಿಸುವ ಅಧಿಕಾರವೂ ಇರುವುದಿಲ್ಲ. ಸ್ವಂತದ್ದನ್ನೇ ಬಳಸಿ. ಬುಕ್ ಮಾಡುವ ಪುಟದಲ್ಲಿ ಸಿಸ್ಟಮ್ ಟೆಸ್ಟ್ ಎಂಬ ಪರೀಕ್ಷಾರ್ಥ ಓಟ ಇದೆ. ಅದನ್ನು ಪರೀಕ್ಷೆಯ ದಿನ ಬಳಸುವ ಅದೇ ಲ್ಯಾಪ್‌ಟಾಪ್, ಅದೇ ಕೋಣೆ, ಅದೇ ವೈಫೈನಲ್ಲಿ ಮಾಡಿ. ಆಫೀಸಿನಲ್ಲಿ ಮಾಡಿ ಮನೆಯಲ್ಲಿ ಬರೆದರೆ ಆ ಟೆಸ್ಟ್‌ಗೆ ಅರ್ಥವಿಲ್ಲ.

ಎನಿಡೆಸ್ಕ್, ಟೀಮ್‌ವ್ಯೂಯರ್‌ನಂಥ ದೂರದಿಂದ ಲ್ಯಾಪ್‌ಟಾಪ್ ನಡೆಸುವ ಸಾಫ್ಟ್‌ವೇರ್‌ಗಳನ್ನು ಸುಮ್ಮನೆ ಮುಚ್ಚಿದರೆ ಸಾಲದು, ತೆಗೆದುಹಾಕಿ. ಮುಚ್ಚಿದರೂ ತೆರೆಮರೆಯಲ್ಲಿ ಅವು ಓಡುತ್ತಲೇ ಇರುತ್ತವೆ. ಜೂಮ್, ಟೀಮ್ಸ್, ವಾಟ್ಸ್ಆ್ಯಪ್ ಡೆಸ್ಕ್‌ಟಾಪ್ ಮುಚ್ಚಿ. ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್‌ನೊಳಗೇ ಸಾಫ್ಟ್‌ವೇರ್‌ನಿಂದ ನಡೆಸುವ ಇನ್ನೊಂದು ಕಂಪ್ಯೂಟರ್‌ನಲ್ಲಿ, ಬರೆಯುವಂತಿಲ್ಲ. ಎರಡನೇ ಮಾನಿಟರ್ ಇದ್ದರೆ ವೈರ್ ಕಿತ್ತು ಪಕ್ಕಕ್ಕೆ ತಿರುಗಿಸಿಡಿ. ಹೆಡ್‌ಫೋನ್ ಬಳಸುವಂತಿಲ್ಲ.

*ಇಂಟರ್ನೆಟ್ ಮತ್ತು ಕರೆಂಟ್.* ಸಾಧ್ಯವಿದ್ದರೆ ರೂಟರ್‌ನಿಂದ ನೇರ ಕೇಬಲ್ ಹಾಕಿ. ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಇದೆಯಾ? ಬೆಂಗಳೂರಿನಲ್ಲಿ ಮಳೆಗಾಲದ ಸಂಜೆಯ ಸ್ಲಾಟ್ ತೆಗೆದುಕೊಳ್ಳುವವರ ಧೈರ್ಯ ದೊಡ್ಡದು. ರೂಟರ್ ಅನ್ನು ಯುಪಿಎಸ್ ಪಾಯಿಂಟ್‌ಗೆ ಹಾಕಿ. ಬೆಸ್ಕಾಂ ಕರೆಂಟ್ ತೆಗೆಯುವ ದಿನಗಳನ್ನು ಮುಂಚೆಯೇ ಪ್ರಕಟಿಸುತ್ತದೆ, ಒಮ್ಮೆ ನೋಡಿ.

*ಕೋಣೆ.* ಮೇಜಿನ ಮೇಲೆ ಲ್ಯಾಪ್‌ಟಾಪ್, ಮೌಸ್, ನೀರು ಬಿಟ್ಟರೆ ಬೇರೇನೂ ಇರಬಾರದು. ಪುಸ್ತಕ, ಪೆನ್ನು, ಕಾಗದ, ಸ್ಟಿಕಿ ನೋಟ್ ಎಲ್ಲ ತೆಗೆಯಿರಿ. ಗೋಡೆಯ ಮೇಲೆ ಬರೆದ ವೈಟ್‌ಬೋರ್ಡ್ ಇದ್ದರೆ ಒರೆಸಿ. ದಿನಸಿ ಲೆಕ್ಕ, ಹಾಲಿನ ಲೆಕ್ಕ ಬರೆದಿರುವ ಕ್ಯಾಲೆಂಡರ್ ತೂಗುಹಾಕಿದ್ದರೆ ಅದನ್ನೂ ಇಳಿಸಿಬಿಡಿ. ಅದು ಹಾಲಿನ ಲೆಕ್ಕ ಅಂತ ಪ್ರಾಕ್ಟರ್‌ಗೆ ವಿವರಿಸುತ್ತಾ ಕೂರುವುದಕ್ಕಿಂತ ಇದು ಸುಲಭ.

*ಮನೆಯವರು.* ನಿಮ್ಮ ಕೋಣೆಗೆ ಯಾರೂ ಬರಬಾರದು, ಒಂದು ಕ್ಷಣಕ್ಕೂ. ಅಮ್ಮ ಕಾಫಿ ತಂದಿಟ್ಟು ಹೋದರೂ ಅದು ನಿಯಮ ಮುರಿದಂತೆ. ಕೆಲಸದವರು ಬರುವ ಸಮಯ, ಗ್ಯಾಸ್ ಸಿಲಿಂಡರ್ ಬರುವ ದಿನ, ಮಗು ಶಾಲೆಯಿಂದ ಬರುವ ಹೊತ್ತು ಇವನ್ನು ನೋಡಿಕೊಂಡು ಸ್ಲಾಟ್ ಆರಿಸಿ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಹೊರಗೆ ಒಂದು ಚೀಟಿ ಅಂಟಿಸಿ. ಕುಕ್ಕರ್ ಕೂಗಿದರೆ ಯಾರೂ ಪರೀಕ್ಷೆ ನಿಲ್ಲಿಸುವುದಿಲ್ಲ, ಗಾಬರಿ ಬೇಡ. ಮೈಕ್‌ನಲ್ಲಿ ಮನುಷ್ಯರ ಮಾತು ಕೇಳಿಸಿದರೆ ಮಾತ್ರ ಕಷ್ಟ. ಪಕ್ಕದ ಕೋಣೆಯ ಟಿವಿ ಆಫ್ ಮಾಡಿಸಿ.

6. ಚೆಕ್-ಇನ್

ಪಿಯರ್ಸನ್ ವ್ಯೂನ ಆನ್‌ಲೈನ್ ವ್ಯವಸ್ಥೆಯ ಹೆಸರು ಆನ್‌ವ್ಯೂ. ಅದರಲ್ಲಿ ನಿಗದಿತ ಸಮಯಕ್ಕೆ 30 ನಿಮಿಷ ಮೊದಲು ಚೆಕ್-ಇನ್ ತೆರೆಯುತ್ತದೆ. ಸಮಯ ದಾಟಿ 15 ನಿಮಿಷ ಆದರೆ ಮುಗಿಯಿತು. ಮೇಲ್‌ನಲ್ಲಿ ಬಂದ ಸಮಯ ಭಾರತೀಯ ಕಾಲಮಾನವೇ ಅಂತ ನೋಡಿಕೊಳ್ಳಿ. ದುಬೈನಲ್ಲೋ ಅಮೆರಿಕದಲ್ಲೋ ಇರುವವರು ಹಳೆಯ ಭಾರತದ ವಿಳಾಸದ ಖಾತೆಯಿಂದ ಬುಕ್ ಮಾಡಿದಾಗ ಇನ್ನೂ ಹುಷಾರಾಗಿರಬೇಕು.

ನಿಮ್ಮ ಮುಖದ ಫೋಟೊ, ಐಡಿಯ ಫೋಟೊ, ಕೋಣೆಯ ನಾಲ್ಕು ದಿಕ್ಕಿನ ಫೋಟೊ ಕೇಳುತ್ತದೆ. ಇದನ್ನು ಮೊಬೈಲ್‌ನಲ್ಲಿ ತೆಗೆಯಬಹುದು. ಐಡಿಯ ಮೇಲೆ ಟ್ಯೂಬ್‌ಲೈಟ್ ಬೆಳಕು ಹೊಳೆದು ಅಕ್ಷರ ಕಾಣದಿದ್ದರೆ ಮತ್ತೆ ಮತ್ತೆ ಕೇಳುತ್ತದೆ. ಕವರ್‌ನಿಂದ ಹೊರಗೆ ತೆಗೆದು, ಸ್ವಲ್ಪ ಓರೆಯಾಗಿ ಹಿಡಿದು ತೆಗೆಯಿರಿ.

ಫೋಟೊ ಮುಗಿದ ತಕ್ಷಣ ಮೊಬೈಲ್ ಅನ್ನು ಕೈಗೆ ಸಿಗದಷ್ಟು ದೂರ ಇಡಿ, ಸೈಲೆಂಟ್ ಮಾಡಿ. ಜೇಬಿನಲ್ಲಿ ಇಟ್ಟುಕೊಳ್ಳುವುದು, ಮೇಜಿನ ಮೇಲೆ ಕವುಚಿ ಇಡುವುದು ಎರಡೂ ತಪ್ಪು. ವಾಚ್ ಬಿಚ್ಚಿ, ಮಾಮೂಲಿ ಮುಳ್ಳಿನ ವಾಚ್ ಆದರೂ ಸರಿ. ಟೋಪಿ ತೆಗೆಯಬೇಕು. ಧಾರ್ಮಿಕ ಕಾರಣಕ್ಕೆ ಧರಿಸುವ ತಲೆವಸ್ತ್ರಕ್ಕೆ ಅಡ್ಡಿಯಿಲ್ಲ.

ಪರೀಕ್ಷೆ ಶುರುವಾಗುವ ಮುಂಚೆ ಒಂದು ಒಪ್ಪಂದ ಪರದೆಯ ಮೇಲೆ ಬರುತ್ತದೆ. ಇದನ್ನು ಎನ್‌ಡಿಎ ಅನ್ನುತ್ತಾರೆ. ಪ್ರಶ್ನೆಗಳನ್ನು ಯಾರಿಗೂ ಹೇಳುವುದಿಲ್ಲ ಎಂಬ ಗುಟ್ಟಿನ ಒಪ್ಪಂದ ಇದು. ಒಪ್ಪದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ, ಹಣವೂ ಬರುವುದಿಲ್ಲ. ಇದನ್ನು ಓದಲು ಕೊಡುವ ಸಮಯಕ್ಕೂ ಮಿತಿ ಇದೆ, ಹಾಗಾಗಿ ಮನೆಯಲ್ಲೇ ಮೊದಲು ಓದಿಕೊಂಡು ಬನ್ನಿ. ಎಲ್ಲ ಸಂಸ್ಥೆಗಳೂ ಇದನ್ನು ಮುಂಚೆಯೇ ಪ್ರಕಟಿಸಿವೆ.

7. ಪರೀಕ್ಷೆ ನಡೆಯುವಾಗ

ಹೆಚ್ಚು ಜನ ಎಚ್ಚರಿಕೆ ಪಡೆಯುವುದು ಬಾಯಿಯಿಂದ. ಕಷ್ಟದ ಪ್ರಶ್ನೆ ಬಂದಾಗ ಅದನ್ನು ಕನ್ನಡದಲ್ಲಿ ಬಿಡಿಸಿಕೊಂಡು ತನಗೆ ತಾನೇ ಹೇಳಿಕೊಳ್ಳುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. "ಅಂದ್ರೆ ಇದು ಕೇಳ್ತಿರೋದು..." ಅಂತ ಶುರುವಾಗಿಬಿಡುತ್ತದೆ. ಪ್ರಾಕ್ಟರ್‌ಗೆ ಕನ್ನಡ ಬರುವ ಸಾಧ್ಯತೆ ಕಡಿಮೆ. ನೀವು ಯಾರಿಗೋ ಪ್ರಶ್ನೆ ಓದಿ ಹೇಳುತ್ತಿದ್ದೀರಿ ಅಂತಲೇ ಅವರು ತಿಳಿಯುವುದು. ತುಟಿ ಅಲುಗಿದರೂ ಚಾಟ್‌ನಲ್ಲಿ ಎಚ್ಚರಿಕೆ ಬರಬಹುದು. ಮನೆಯಲ್ಲಿ ಅಣಕು ಪರೀಕ್ಷೆ ಬರೆಯುವಾಗಲೇ ಬಾಯಿ ಮುಚ್ಚಿ ಓದುವುದನ್ನು ರೂಢಿ ಮಾಡಿಕೊಳ್ಳಿ. ಅದೊಂದೇ ದಾರಿ. ಆ ದಿನ ನೆನಪಿಟ್ಟುಕೊಂಡು ತಡೆಯುತ್ತೇನೆ ಅಂದರೆ ಆಗುವುದಿಲ್ಲ.

ಕೈಯನ್ನು ಬಾಯಿಗೆ, ಗಲ್ಲಕ್ಕೆ ಅಡ್ಡ ಇಟ್ಟುಕೊಳ್ಳಬೇಡಿ. ಮೇಲೆ, ಪಕ್ಕಕ್ಕೆ ಪದೇಪದೇ ನೋಡಬೇಡಿ. ಕುರ್ಚಿ ಹಿಂದಕ್ಕೆ ಒರಗಿಸಿ ಮುಖ ಕ್ಯಾಮೆರಾದಿಂದ ಅರ್ಧ ಹೊರಗೆ ಹೋದರೂ ಕರೆಯುತ್ತಾರೆ. ನೀರು ಕುಡಿಯಬಹುದು. ತಿನ್ನುವುದು, ಚೂಯಿಂಗ್ ಗಮ್, ಸಿಗರೇಟು ಇಲ್ಲ.

ಲೆಕ್ಕ ಹಾಕಲು ಕಾಗದ ಇಲ್ಲ. ಪರದೆಯ ಮೇಲೇ ಒಂದು ವೈಟ್‌ಬೋರ್ಡ್ ಕೊಡುತ್ತಾರೆ. ಮೌಸ್‌ನಲ್ಲಿ ಅದರ ಮೇಲೆ ಬರೆಯುವುದು ಸ್ವಲ್ಪ ಹಿಂಸೆ. ಸಿಸ್ಕೊದ ನೆಟ್‌ವರ್ಕ್ ಪರೀಕ್ಷೆಯಾದ ಸಿಸಿಎನ್‌ಎಯ ಸಬ್‌ನೆಟ್ (ನೆಟ್‌ವರ್ಕ್ ವಿಳಾಸಗಳನ್ನು ಭಾಗ ಮಾಡುವ) ಲೆಕ್ಕಕ್ಕೆ ಕಾಗದ ಬೇಕೇಬೇಕು ಅನ್ನುವವರಿಗೆ ಸೆಂಟರ್ ಒಳ್ಳೆಯದು, ಅಲ್ಲಿ ಒರೆಸಿ ಬರೆಯುವ ಹಾಳೆ ಮತ್ತು ಮಾರ್ಕರ್ ಸಿಗುತ್ತದೆ. ಇನ್ನೊಂದು ಮಾತು: ಸಿಸಿಎನ್‌ಎಯಲ್ಲಿ ಒಂದು ಪ್ರಶ್ನೆ ದಾಟಿದ ಮೇಲೆ ಹಿಂದಕ್ಕೆ ಹೋಗಲು ಬಿಡುವುದಿಲ್ಲ.

ಎದ್ದು ಹೋಗುವ ವಿಷಯ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ. ಮೈಕ್ರೋಸಾಫ್ಟ್ ಪರೀಕ್ಷೆಗಳಲ್ಲಿ ಮಧ್ಯೆ ವಿರಾಮ ತೆಗೆದುಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ವಿರಾಮಕ್ಕೆ ಮುಂಚೆ ನೋಡಿದ ಪ್ರಶ್ನೆಗಳಿಗೆ ಆಮೇಲೆ ವಾಪಸ್ ಹೋಗಲೂ ಆಗುವುದಿಲ್ಲ. ವಿರಾಮ ಇಲ್ಲದ ಪರೀಕ್ಷೆಯಲ್ಲಿ ಎದ್ದು ಹೋದರೆ ಅದೇ ಕೊನೆ. ಯಾವ ಪರೀಕ್ಷೆಯೇ ಆಗಲಿ, ಚಾಟ್‌ನಲ್ಲಿ ಕೇಳದೆ ಕುರ್ಚಿ ಬಿಡಬೇಡಿ.

"ಓಪನ್ ಬುಕ್ ಅಂತೆ, ಗೂಗಲ್ ಮಾಡಬಹುದಂತೆ" ಎಂಬ ಮಾತೂ ಓಡಾಡುತ್ತಿದೆ. ಅರ್ಧ ನಿಜ. 2023ರಿಂದ ಮೈಕ್ರೋಸಾಫ್ಟ್ ತನ್ನ ಅಸೋಸಿಯೇಟ್, ಎಕ್ಸ್‌ಪರ್ಟ್ ಮಟ್ಟದ ಪರೀಕ್ಷೆಗಳಲ್ಲಿ ತನ್ನದೇ ಕಲಿಕಾ ತಾಣ ಮೈಕ್ರೋಸಾಫ್ಟ್ ಲರ್ನ್‌ನ ಪುಟಗಳನ್ನು ಪರೀಕ್ಷೆಯೊಳಗೇ ತೆರೆಯಲು ಬಿಟ್ಟಿದೆ. ಆರಂಭಿಕ ಮಟ್ಟದ ಫಂಡಮೆಂಟಲ್ಸ್ ಪರೀಕ್ಷೆಗಳಿಗೆ ಇಲ್ಲ. ಸಿಕೆಎಯಲ್ಲಿ ಕುಬರ್ನೆಟಿಸ್‌ನ ಅಧಿಕೃತ ದಾಖಲೆಗಳನ್ನು ನೋಡಬಹುದು, ಅದೂ ಅವರು ಕೊಟ್ಟ ಬ್ರೌಸರ್‌ನಲ್ಲಿ ಮಾತ್ರ. ನಿಮ್ಮ ಸ್ವಂತ ಬ್ರೌಸರ್, ಸ್ವಂತ ಟಿಪ್ಪಣಿ, ಚಾಟ್‌ಜಿಪಿಟಿ ಇವಕ್ಕೆ ಎಲ್ಲೂ ಜಾಗವಿಲ್ಲ.

8. ಸೆಂಟರ್‌ಗೆ ಹೋಗುವುದಾದರೆ

ಇಲ್ಲಿ ಹೇಳುವುದು ಕಡಿಮೆ. ಅರ್ಧ ಗಂಟೆ ಮುಂಚೆ ತಲುಪಿ. ಸಿಲ್ಕ್ ಬೋರ್ಡ್ ದಾಟಬೇಕಿದ್ದರೆ ಇನ್ನೂ ಬೇಗ ಹೊರಡಿ. ಅಲ್ಲಿ ಫೋಟೊ, ಸಹಿ ತೆಗೆದುಕೊಳ್ಳುತ್ತಾರೆ. ಮೊಬೈಲ್, ವಾಚ್, ಪರ್ಸ್, ಬ್ಯಾಗ್ ಎಲ್ಲ ಲಾಕರ್‌ಗೆ. ಜೇಬು ಹೊರಗೆ ತೆಗೆದು ತೋರಿಸಿ ಅನ್ನಬಹುದು, ಕನ್ನಡಕ ಬಿಚ್ಚಿ ನೋಡಬಹುದು. ದೊಡ್ಡ ಆಭರಣ ಹಾಕಿಕೊಂಡು ಹೋಗದಿರುವುದೇ ಒಳ್ಳೆಯದು. ಏನಾದರೂ ಬೇಕಿದ್ದರೆ ಕೈ ಎತ್ತಿ. ಮಧ್ಯೆ ಹೊರಗೆ ಹೋದಾಗ ಲಾಕರ್ ತೆಗೆದು ಮೊಬೈಲ್ ನೋಡಿದರೆ ಪರೀಕ್ಷೆ ರದ್ದಾಗಬಹುದು. ಮನೆಯಿಂದ ಮಿಸ್ಡ್ ಕಾಲ್ ಬಂದಿದೆಯಾ ಅಂತ ನೋಡಿದ್ದಷ್ಟೇ ಅನ್ನುವ ಸಬೂಬಿಗೆ ಬೆಲೆ ಇಲ್ಲ. ಬರೆದ ಹಾಳೆಯನ್ನು ವಾಪಸ್ ಕೊಟ್ಟೇ ಬರಬೇಕು.

9. ಡಂಪ್ಸ್ ಮತ್ತು "ಪಾಸಾದ ಮೇಲೆ ದುಡ್ಡು ಕೊಡಿ" ಎನ್ನುವವರು

ಡಂಪ್ಸ್ ಅಂದರೆ ನಿಜವಾದ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೆ-ಉತ್ತರಗಳು. ಅಭ್ಯಾಸ ಪರೀಕ್ಷೆ ಬೇರೆ, ಡಂಪ್ಸ್ ಬೇರೆ. ವಿಷಯ ಗೊತ್ತಿರುವ ಒಬ್ಬರು ಸ್ವಂತವಾಗಿ ಬರೆದು, ಪ್ರತಿ ಉತ್ತರಕ್ಕೂ ವಿವರಣೆ ಕೊಟ್ಟ ಪ್ರಶ್ನೆಗಳು ಅಭ್ಯಾಸ ಪರೀಕ್ಷೆ. ಅವನ್ನು ಧಾರಾಳವಾಗಿ ಬಳಸಿ. "ನೂರಕ್ಕೆ ನೂರು ಇದೇ ಬರುತ್ತೆ", "ಈ ವಾರ ಅಪ್‌ಡೇಟ್ ಆಗಿದೆ", "ನಿಜವಾದ ಪರೀಕ್ಷೆಯ ಪ್ರಶ್ನೆಗಳು" ಅಂತ ಟೆಲಿಗ್ರಾಂ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪಿಡಿಎಫ್ ಬಂದರೆ ಅದು ಡಂಪ್ಸ್. ಹಣ ಕೊಟ್ಟು ಕೊಂಡರೂ, ಸೀನಿಯರ್ ಪ್ರೀತಿಯಿಂದ ಕೊಟ್ಟರೂ ಅದೇ.

ಡಂಪ್ಸ್ ಓದಿದ್ದು ಅವರಿಗೆ ಗೊತ್ತಾಗುತ್ತಾ? ಗೊತ್ತಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಉತ್ತರಗಳ ಮಾದರಿಯನ್ನು ಅಂಕಿಅಂಶದ ವಿಧಾನಗಳಲ್ಲಿ ಪರಿಶೀಲಿಸುತ್ತಾರೆ. ಓದಲು ಒಂದು ನಿಮಿಷ ಬೇಕಾದ ಪ್ರಶ್ನೆಗೆ ಐದು ಸೆಕೆಂಡಿನಲ್ಲಿ ಉತ್ತರ ಒತ್ತಿದರೆ ಅದು ದಾಖಲಾಗಿರುತ್ತದೆ. ಡಂಪ್ಸ್‌ನಲ್ಲಿ ತಪ್ಪು ಉತ್ತರಗಳೂ ಇರುತ್ತವೆ. ಬೇರೆ ಬೇರೆ ಊರಿನ ಹತ್ತು ಜನ ಅದೇ ಪ್ರಶ್ನೆಗೆ ಅದೇ ತಪ್ಪನ್ನು ಒತ್ತಿದರೆ ಮೂಲ ಯಾವುದು ಅಂತ ಊಹಿಸುವುದು ಕಷ್ಟವಲ್ಲ. ಪಾಸಾಗಿ ತಿಂಗಳುಗಳಾದ ಮೇಲೂ ಫಲಿತಾಂಶ ರದ್ದು ಮಾಡುವ ಅಧಿಕಾರ ಸಂಸ್ಥೆಗಳಿಗಿದೆ. ಹಳೆಯ ಸರ್ಟಿಫಿಕೇಟ್‌ಗಳನ್ನೂ ಹಿಂದಕ್ಕೆ ಪಡೆಯಬಹುದು. ಮುಂದೆ ಪರೀಕ್ಷೆಯನ್ನೇ ಬರೆಯದಂತೆ ಕೆಲವು ಕಾಲ ಅಥವಾ ಶಾಶ್ವತವಾಗಿ ನಿಷೇಧ ಹಾಕಬಹುದು. ಕ್ಲೌಡ್ ಕಂಪನಿಗಳ ಪಾಲುದಾರ ಸಂಸ್ಥೆಯಲ್ಲಿ ಕೆಲಸದಲ್ಲಿದ್ದರೆ ವಿಷಯ ಅಲ್ಲಿಗೂ ತಲುಪಬಹುದು.

ಇನ್ನೂ ಅಪಾಯದ್ದು ಪ್ರಾಕ್ಸಿ, ಅಂದರೆ ನಿಮ್ಮ ಬದಲು ಬೇರೆಯವರು ಬರೆಯುವುದು. "ಪಾಸಾದ ಮೇಲೆ ದುಡ್ಡು ಕೊಡಿ ಸಾಕು" ಅಂತ ಜಾಹೀರಾತು ನೋಡಿರುತ್ತೀರಿ. ಇವರು ನಿಮ್ಮ ಐಡಿಯ ಪ್ರತಿ, ಖಾತೆಯ ಪಾಸ್‌ವರ್ಡ್ ಕೇಳುತ್ತಾರೆ, ಇಲ್ಲವೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಸುತ್ತಾರೆ. ಐಡಿ ಪ್ರತಿ ಮತ್ತು ಪಾಸ್‌ವರ್ಡ್ ಅವರ ಕೈಗೆ ಹೋದ ಮೇಲೆ ನಾಳೆ "ಇನ್ನೂ ಇಷ್ಟು ಕೊಡದಿದ್ದರೆ ಸಂಸ್ಥೆಗೆ ದೂರು ಕೊಡುತ್ತೇವೆ" ಅಂದರೆ ನೀವು ಎಲ್ಲಿಗೆ ಹೋಗುತ್ತೀರಿ? ಪೊಲೀಸರ ಹತ್ತಿರ ಹೋಗಿ ಏನಂತ ಹೇಳುತ್ತೀರಿ?

ಪರೀಕ್ಷೆ ಬರೆದು ಬಂದವರನ್ನು "ಏನೇನು ಬಂದಿತ್ತು?" ಅಂತ ಕೇಳುವುದು ನಮ್ಮಲ್ಲಿ ಮಾಮೂಲು. ಪಿಯುಸಿ ಪರೀಕ್ಷೆಯ ಅಭ್ಯಾಸ ಅದು, ತಪ್ಪೂ ಅಲ್ಲ. ಇಲ್ಲಿ ಮಾತ್ರ ಎನ್‌ಡಿಎ ಒಪ್ಪಿದ್ದೀರಿ. ಏನು ಹೇಳಬಹುದು ಎಂದರೆ: ಸಂಸ್ಥೆಯೇ ಪ್ರಕಟಿಸಿದ ಸಿಲಬಸ್, ನೀವು ಓದಿದ ರೀತಿ, ಬಳಸಿದ ಕೋರ್ಸ್, ಸಮಯ ಸಾಕಾಯಿತೇ ಎಂಬುದು. ಹೇಳಬಾರದ್ದು ಪ್ರಶ್ನೆ, ಆಯ್ಕೆಗಳು, "ಇಂಥ ಸರ್ವಿಸ್ ಮೇಲೆ ಇಂಥ ಸನ್ನಿವೇಶ ಕೊಟ್ಟಿದ್ದರು" ಎಂಬ ವಿವರ. ಆಫೀಸ್ ಗುಂಪಿನಲ್ಲಿ ಒಳ್ಳೆಯ ಮನಸ್ಸಿನಿಂದ ಹಾಕಿದ ಹತ್ತು ಸಾಲೂ ಉಲ್ಲಂಘನೆಯೇ.

10. ಮಧ್ಯೆ ತೊಂದರೆಯಾದರೆ

ಕರೆಂಟ್ ಅಥವಾ ನೆಟ್ ಹೋದರೆ ಗಾಬರಿಯಾಗಬೇಡಿ. ಬಂದ ತಕ್ಷಣ ಅದೇ ಆ್ಯಪ್ ಮತ್ತೆ ತೆರೆದು ಒಳಗೆ ಹೋಗಲು ಪ್ರಯತ್ನಿಸಿ. ಸಾಮಾನ್ಯವಾಗಿ ನಿಂತಲ್ಲಿಂದ ಮುಂದುವರಿಯುತ್ತದೆ. ಆಗದಿದ್ದರೆ ಗ್ರಾಹಕ ಸೇವೆಗೆ ಚಾಟ್ ಅಥವಾ ಫೋನ್ ಮಾಡಿ, ದೂರು ಸಂಖ್ಯೆ ಪಡೆಯಿರಿ. ಈ ಸಂಖ್ಯೆ ಇಲ್ಲದೆ ಮುಂದೆ ಯಾವ ಮಾತೂ ನಡೆಯುವುದಿಲ್ಲ. ಸಿಸ್ಟಮ್ ಟೆಸ್ಟ್ ಪಾಸಾದಾಗ ತೆಗೆದ ಚಿತ್ರ, ಕರೆಂಟ್ ಹೋದ ಸಮಯ ಇವೆಲ್ಲ ಆಗ ಉಪಯೋಗಕ್ಕೆ ಬರುತ್ತವೆ. ಪರೀಕ್ಷೆ ತೆರೆದಿರುವಾಗ ಮಾತ್ರ ಪರದೆಯ ಚಿತ್ರ ತೆಗೆಯಲು ಹೋಗಬೇಡಿ, ಅದೇ ದೊಡ್ಡ ಅಪರಾಧವಾಗಿಬಿಡುತ್ತದೆ.

ಪ್ರಾಕ್ಟರ್ ತಪ್ಪು ತಿಳಿದು ಪರೀಕ್ಷೆ ನಿಲ್ಲಿಸಿದರೆ ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಅವರಿಗೆ ಮತ್ತೆ ಶುರು ಮಾಡುವ ಅಧಿಕಾರ ಇರುವುದಿಲ್ಲ. ಅದೇ ದಿನ ಕೂತು ಏನಾಯಿತೆಂದು ಸಮಯದ ಸಮೇತ ನಾಲ್ಕೈದು ಸಾಲಿನಲ್ಲಿ ಬರೆದು ಕಳಿಸಿ. ಇಡೀ ಪರೀಕ್ಷೆಯ ವಿಡಿಯೊ, ಆಡಿಯೊ ರೆಕಾರ್ಡ್ ಆಗಿರುತ್ತದೆ, ಅದನ್ನು ನೋಡಿ ಎಂದು ಕೇಳಿ. ಸಿಟ್ಟಿನ ಉದ್ದ ಪತ್ರಕ್ಕಿಂತ "ಇಷ್ಟು ಗಂಟೆಗೆ ಬೆಲ್ ಆಯಿತು, ನಾನು ಕುರ್ಚಿ ಬಿಟ್ಟಿಲ್ಲ" ಎಂಬಂಥ ಸಾಲು ಹೆಚ್ಚು ಕೆಲಸ ಮಾಡುತ್ತದೆ.

11. ಫಲಿತಾಂಶ ಬಂದ ಮೇಲೆ

ಎಡಬ್ಲ್ಯೂಎಸ್ ಫಲಿತಾಂಶ 5 ಕೆಲಸದ ದಿನಗಳೊಳಗೆ ಬರುತ್ತದೆ. ಅಸೋಸಿಯೇಟ್ ಮಟ್ಟಕ್ಕೆ 1000ಕ್ಕೆ 720 ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಸಿಇಟಿ, ಬ್ಯಾಂಕ್ ಪರೀಕ್ಷೆಗಳ ಬೇರೆ ಬೇರೆ ಲೆಕ್ಕಗಳನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿ ಹಿಂಜರಿಯುವವರಿದ್ದಾರೆ.

ಫೇಲಾದರೆ ಮತ್ತೆ ಬರೆಯಲು ಕಾಯಬೇಕಾದ ಸಮಯ ಹೀಗಿದೆ:

- ಎಡಬ್ಲ್ಯೂಎಸ್: 14 ದಿನ. ಎಷ್ಟು ಸಲ ಬೇಕಾದರೂ ಬರೆಯಬಹುದು, ಪ್ರತಿಸಲವೂ ಪೂರ್ತಿ ಶುಲ್ಕ.
- ಮೈಕ್ರೋಸಾಫ್ಟ್: ಮೊದಲ ಸಲ ಫೇಲಾದರೆ 24 ಗಂಟೆ, ಆಮೇಲೆ ಪ್ರತಿಸಲ 14 ದಿನ. 12 ತಿಂಗಳಲ್ಲಿ ಒಟ್ಟು 5 ಸಲ ಮಾತ್ರ.
- ಸಿಸ್ಕೊ ಸಿಸಿಎನ್‌ಎ: 5 ದಿನ.
- ಕಾಂಪ್‌ಟಿಯಾ: ಎರಡನೇ ಸಲಕ್ಕೆ ಕಾಯಬೇಕಿಲ್ಲ, ಮೂರನೇ ಸಲದಿಂದ 14 ದಿನ.

ಈ ಅವಧಿಯನ್ನು ತಪ್ಪಿಸಲು ಬೇರೆ ಇಮೇಲ್‌ನಲ್ಲಿ ಎರಡನೇ ಖಾತೆ ತೆರೆಯುವುದು ಕೂಡ ನಿಯಮ ಮುರಿದಂತೆ. ಎರಡು ಖಾತೆಗೂ ಒಂದೇ ಮುಖ, ಒಂದೇ ಐಡಿ ಇರುವುದರಿಂದ ಸಿಕ್ಕಿಬೀಳುವುದು ಸುಲಭ. ಆಫೀಸ್ ಬದಲಾಯಿಸಿದಾಗ ಹೊಸ ಇಮೇಲ್‌ನಲ್ಲಿ ಖಾತೆ ತೆರೆಯುವ ಬದಲು ಹಳೆಯದರಲ್ಲೇ ಇಮೇಲ್ ಬದಲಿಸಿಕೊಳ್ಳಿ. ಮೊದಲಿಂದಲೂ ಸ್ವಂತ ಜಿಮೇಲ್ ಕೊಟ್ಟರೆ ಈ ತಾಪತ್ರಯವೇ ಇರುವುದಿಲ್ಲ.

ಪಾಸಾದವರು ಲಿಂಕ್ಡ್‌ಇನ್‌ನಲ್ಲಿ ಹಾಕುವುದಾದರೆ ಡಿಜಿಟಲ್ ಬ್ಯಾಡ್ಜ್ ಹಾಕಿ. ಅಂಕಪಟ್ಟಿಯ ಪರದೆಚಿತ್ರ ಹಾಕಲೇಬೇಕು ಅಂತಿದ್ದರೆ ಅದರಲ್ಲಿರುವ ಅಭ್ಯರ್ಥಿ ಸಂಖ್ಯೆ, ನೋಂದಣಿ ಸಂಖ್ಯೆಗಳನ್ನು ಮೊದಲು ಅಳಿಸಿ.